ಒಬ್ಬರೇ ರೋಗಿ, ಎರಡು ಗ್ರೇಡ್: ಸಣ್ಣ ಕರುಳಿನ ನ್ಯೂರೋಎಂಡೋಕ್ರೈನ್ ಗೆಡ್ಡೆಯ ಒಂದು ಪ್ರಕರಣ

ಇಲ್ಲಿರುವುದು ಯಾರೋ ಒಬ್ಬರ ಆಸ್ಪತ್ರೆ ಕಡತ ಅಲ್ಲ. ನ್ಯೂರೋಎಂಡೋಕ್ರೈನ್ ಗೆಡ್ಡೆ ಎಂದರೆ ಹಾರ್ಮೋನು ಮಾಡುವ ಜೀವಕೋಶಗಳಿಂದ ಹುಟ್ಟುವ ಗೆಡ್ಡೆ. ಅದರ ಜೀವಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂಬುದರ ಅಳತೆ ಗ್ರೇಡ್. ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ರೋಗಿಯ ಸುತ್ತ ಜೋಡಿಸಿ ಕಟ್ಟಿದ ಪ್ರಕರಣ. ನಾನು ಪೆಥಾಲಜಿ ಕಡೆಯವನು, ಗೆಡ್ಡೆಯ ತುಣುಕನ್ನು ಮೈಕ್ರೋಸ್ಕೋಪ್ ಕೆಳಗೆ ನೋಡುವವನು. ಹಾಗಾಗಿ ಸ್ಲೈಡಿನ ಮಾತು ಸ್ವಲ್ಪ ಜಾಸ್ತಿಯೇ ಬರುತ್ತದೆ.

ನಾಲ್ಕು ವರ್ಷದ ಹೊಟ್ಟೆನೋವು

57 ವರ್ಷದ ಮಹಿಳೆ. ಊಟವಾಗಿ ಒಂದು ಗಂಟೆ ಕಳೆಯುವಷ್ಟರಲ್ಲಿ ಹೊಕ್ಕುಳ ಸುತ್ತ ಹಿಂಡಿದಂತೆ ನೋವು. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ನೀರಾಗಿ ಭೇದಿ. ಆಗಾಗ ಮುಖ, ಕತ್ತು ಬಿಸಿಯಾಗಿ ಕೆಂಪೇರುತ್ತಿತ್ತು. ಅದನ್ನು ಮುಟ್ಟು ನಿಂತ ಮೇಲಿನ ತೊಂದರೆ ಎಂದುಕೊಂಡರು. ಹೊಟ್ಟೆಯ ತೊಂದರೆಗೆ ಐಬಿಎಸ್ (ಕೆರಳುವ ಕರುಳು) ಎಂಬ ಹೆಸರು ಬಿತ್ತು. ನಡುವೆ ಒಮ್ಮೆ ಎಂಡೋಸ್ಕೋಪಿ, ಕೊಲನೋಸ್ಕೋಪಿ ಎರಡೂ ಆದವು. ಎರಡರಲ್ಲೂ ಏನೂ ಸಿಗಲಿಲ್ಲ.

ಸಿಗದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಬಾಯಿಂದ ಹೋಗುವ ಕೊಳವೆ ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್‌ಗೆ ನಿಲ್ಲುತ್ತದೆ. ಕೆಳಗಿಂದ ಬರುವುದು ಸಾಮಾನ್ಯವಾಗಿ ದೊಡ್ಡ ಕರುಳಿನ ತುದಿ ಮುಟ್ಟಿ ವಾಪಸ್ ಬರುತ್ತದೆ. ನಡುವೆ ಉಳಿಯುವ ಮೀಟರುಗಟ್ಟಲೆ ಕರುಳನ್ನು ಯಾರೂ ನೋಡಿರುವುದಿಲ್ಲ. ಈ ಗೆಡ್ಡೆಗಳು ಜಾಸ್ತಿ ಹುಟ್ಟುವುದು ಅಲ್ಲೇ, ಸಣ್ಣ ಕರುಳಿನ ಕೊನೆಯ ಪಾಲಾದ ಇಲಿಯಮ್‌ನ ಕೊನೆಯ ಭಾಗದಲ್ಲಿ. ಅದೂ ಒಳಪದರದ ಕೆಳಗೆ, ಅಂಗಿಯ ಸಣ್ಣ ಗುಂಡಿಯಂತೆ. ಈ ರೋಗ ವರ್ಷಗಟ್ಟಲೆ ಬೇರೆ ಹೆಸರಲ್ಲಿ ಓಡಾಡುವುದು ಮಾಮೂಲು.

ಕೊನೆಗೆ ಒಂದು ರಾತ್ರಿ ವಾಂತಿ, ಹೊಟ್ಟೆ ಉಬ್ಬರ. ಕರುಳು ಅರ್ಧಂಬರ್ಧ ಕಟ್ಟಿಕೊಂಡಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಕಂಡದ್ದು: ಕರುಳಿಗೆ ರಕ್ತನಾಳ ಒಯ್ಯುವ ಮೆಸೆಂಟರಿಯಲ್ಲಿ 3.4 ಸೆಂ.ಮೀ ಗಂಟು, ನಡುವೆ ಕ್ಯಾಲ್ಸಿಯಂ ಚುಕ್ಕೆಗಳು, ಅಂಚಿನಿಂದ ಸುತ್ತ ಹರಡಿದ ಎಳೆಗಳು. ಕರುಳಿನ ಸುರುಳಿಗಳೆಲ್ಲ ಅದರ ಕಡೆಗೆ ಸೆಳೆದುಕೊಂಡಿದ್ದವು. ಲಿವರ್‌ನ ಬಲಭಾಗದಲ್ಲಿ 1.6 ಮತ್ತು 1.1 ಸೆಂ.ಮೀನ ಎರಡು ಗಂಟು. ಅನುಭವವಿರುವ ರೇಡಿಯಾಲಜಿಸ್ಟ್‌ಗೆ ಇಷ್ಟು ಚಿತ್ರ ಸಾಕು. ಮೆಸೆಂಟರಿಯ ಗಂಟು ಹುಟ್ಟಿದ ಜಾಗ ಅಲ್ಲ, ಅದು ಹರಡಿದ ದುಗ್ಧಗ್ರಂಥಿ. ಮೂಲ ಗೆಡ್ಡೆ ಕರುಳಲ್ಲಿ ಎಲ್ಲೋ ಚಿಕ್ಕದಾಗಿ ಕೂತಿರುತ್ತದೆ. ಸಣ್ಣ ಕರುಳಿನ ಈ ಗೆಡ್ಡೆಗಳ ಒಂದು ಕೆಟ್ಟ ಗುಣ ಇದು. ಒಂದು ಸೆಂ.ಮೀ ಕೂಡ ಆಗದೆ ದುಗ್ಧಗ್ರಂಥಿಗೆ ಹೋಗಿಬಿಡುತ್ತವೆ.

ರಕ್ತದಲ್ಲಿ ಕ್ರೋಮೋಗ್ರಾನಿನ್ ಎ, ಅಂದರೆ ಈ ಗೆಡ್ಡೆಗಳು ಬಿಡುವ ಒಂದು ಪ್ರೋಟೀನ್, ಮೂರು ಪಟ್ಟು ಜಾಸ್ತಿ ಇತ್ತು. ಆದರೆ ರೋಗಿ ಬಹಳ ದಿನದಿಂದ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಯೊಂದೇ ಈ ಸಂಖ್ಯೆಯನ್ನು ಮೇಲೆತ್ತಬಲ್ಲದು. ಆದ್ದರಿಂದ ಅದಕ್ಕೆ ತೂಕ ಕೊಡಲಿಲ್ಲ. 24 ಗಂಟೆ ಮೂತ್ರದ 5-ಎಚ್‌ಐಎಎ ಸಹ ಏರಿತ್ತು, ಅದು ಲೆಕ್ಕಕ್ಕೆ ಬಂತು. ಸೆರೊಟೋನಿನ್ ಎಂಬ ಹಾರ್ಮೋನು ಒಡೆದಾಗ ಉಳಿಯುವ ವಸ್ತು ಇದು. ಗೆಡ್ಡೆ ಸೆರೊಟೋನಿನ್ ಸುರಿಸುತ್ತಿದೆ ಎಂದು ಅದರ ಅರ್ಥ. ಕರುಳಿಂದ ಬರುವ ಸೆರೊಟೋನಿನ್ ಅನ್ನು ಲಿವರ್ ಒಡೆದುಹಾಕುತ್ತದೆ. ಲಿವರ್‌ನಲ್ಲೇ ಗೆಡ್ಡೆ ಕೂತರೆ ಅಲ್ಲಿನ ಸೆರೊಟೋನಿನ್ ಸೀದಾ ಹೃದಯದ ಬಲಭಾಗಕ್ಕೆ ಹೋಗುತ್ತದೆ. ಮುಖ ಕೆಂಪೇರುವುದು, ಭೇದಿ, ಎಲ್ಲಕ್ಕೂ ವಿವರಣೆ ಸಿಕ್ಕಿತು. ಹೃದಯದ ಎಕೋ ಮಾಡಿದಾಗ ಬಲಭಾಗದ ಟ್ರೈಕಸ್ಪಿಡ್ ಕವಾಟ ಇನ್ನೂ ಚೆನ್ನಾಗಿತ್ತು. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುನ್ಸೂಚನೆಯ ಮಾತು ಬಂದಾಗ ಬೇಕಾಗುತ್ತದೆ.

ಈ ಗೆಡ್ಡೆಯ ಜೀವಕೋಶಗಳ ಮೇಲಿನ ರಿಸೆಪ್ಟರ್‌ಗೆ ಅಂಟುವ ವಿಕಿರಣಶೀಲ ವಸ್ತು ಬಳಸುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್‌ನಲ್ಲಿ ಎಲ್ಲ ಗಂಟುಗಳೂ ಬೆಳಗಿದವು. ಸಿಟಿಗೆ ಕಾಣದ ಇನ್ನೊಂದು ಚುಕ್ಕೆ ಲಿವರ್‌ನ ಆಳದಲ್ಲಿ, ರಕ್ತನಾಳದ ಪಕ್ಕದಲ್ಲಿ ಕಂಡಿತು.

"2–3%" ಎಂಬ ವರದಿ

ಲಿವರ್‌ನ ದೊಡ್ಡ ಗಂಟಿನಿಂದ ಸೂಜಿ ಬಯಾಪ್ಸಿ ಆಯಿತು. ಹೊರಗಿನ ಲ್ಯಾಬ್‌ನಿಂದ ಬಂದ ವರದಿ ಹೀಗಿತ್ತು: ವೆಲ್ ಡಿಫರೆನ್ಷಿಯೇಟೆಡ್ (ರಚನೆ ಚೆನ್ನಾಗಿ ಉಳಿದಿರುವ) ನ್ಯೂರೋಎಂಡೋಕ್ರೈನ್ ಗೆಡ್ಡೆ, ಕೆಐ-67 ಸುಮಾರು 2–3%, ಗ್ರೇಡ್ 1–2.

ನನಗೆ ಈ ಥರದ ಸಾಲು ಕಂಡರೆ ಕಿರಿಕಿರಿ. ಯಾಕೆಂದರೆ ಗಡಿ ಇರುವುದೇ 3ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದ ಪ್ರಕಾರ ಕೆಐ-67 3%ಗಿಂತ ಕಡಿಮೆ ಇದ್ದರೆ ಜಿ1 (ಗ್ರೇಡ್ 1), 3ರಿಂದ 20% ಇದ್ದರೆ ಜಿ2, 20% ದಾಟಿದರೆ ಜಿ3. ಜೊತೆಗೆ ಮೈಟೋಸಿಸ್, ಅಂದರೆ ಒಡೆಯುತ್ತಿರುವ ಜೀವಕೋಶಗಳ ಲೆಕ್ಕ: 2 ಚದರ ಮಿ.ಮೀ ಜಾಗದಲ್ಲಿ 2ಕ್ಕಿಂತ ಕಡಿಮೆ, 2ರಿಂದ 20, 20ಕ್ಕಿಂತ ಹೆಚ್ಚು. ಎರಡೂ ಬೇರೆ ಬೇರೆ ಗ್ರೇಡ್ ಹೇಳಿದರೆ ಮೇಲಿನದ್ದೇ ಖಾಯಂ. 2010ರ ಆವೃತ್ತಿಯಲ್ಲಿ ಜಿ1 ಎಂದರೆ 2%ವರೆಗೆ, ಜಿ2 ಎಂದರೆ 3ರಿಂದ ಮೇಲೆ ಎಂದಿತ್ತು. 2.5% ಬಂದರೆ ಎಲ್ಲಿ ಇಡಬೇಕು? ಆ ಸಂದು ಈಗ ಮುಚ್ಚಿದೆ. "2–3%" ಎಂದು ಬರೆಯುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಎಣಿಸುವುದಕ್ಕೂ ನಿಯಮ ಇದೆ. ಕೆಐ-67 ಎಂಬುದು ಜೀವಕೋಶ ಒಡೆಯುವ ತಯಾರಿಯಲ್ಲಿದ್ದಾಗ ನ್ಯೂಕ್ಲಿಯಸ್‌ನಲ್ಲಿ ಕಾಣಿಸಿಕೊಳ್ಳುವ ಪ್ರೋಟೀನ್. ಬಣ್ಣ ಹಾಕಿದಾಗ ಅಂಥವು ಕಂದು, ಉಳಿದವು ನೀಲಿ. ಕಂದು ಜಾಸ್ತಿ ಇರುವ ಜಾಗ ಹುಡುಕಿ ಅಲ್ಲಿ ಕನಿಷ್ಠ 500 ಗೆಡ್ಡೆ ಜೀವಕೋಶ ಎಣಿಸಬೇಕು. ಕಣ್ಣಂದಾಜು ನಡೆಯುವುದಿಲ್ಲ. ಲೆಕ್ಕ ನೋಡಿ: 500ರಲ್ಲಿ 14 ಕಂದು ಸಿಕ್ಕರೆ 2.8%, ಜಿ1. 15 ಸಿಕ್ಕರೆ 3%, ಜಿ2. ಒಂದೇ ಒಂದು ಜೀವಕೋಶ. ಅದು ಗೆಡ್ಡೆಯದ್ದೇ, ಅಥವಾ ನಡುವೆ ನುಸುಳಿದ ಲಿಂಫೋಸೈಟೇ? ಲಿಂಫೋಸೈಟ್ ಕೂಡ ಕಂದು ಬಣ್ಣ ಹಿಡಿಯುತ್ತದೆ. ಅಂದಾಜಿನಲ್ಲಿ ಕಣ್ಣು ಮೋಸ ಹೋಗುವುದು ಇಂಥ ಕಡೆ. ಸಂಖ್ಯಾಶಾಸ್ತ್ರದ ಕಣ್ಣಲ್ಲಿ ನೋಡಿದರೆ 500ಕ್ಕೆ 15 ಎಂಬ ಎಣಿಕೆಯ ಹಿಂದಿನ ನಿಜ ಸಂಖ್ಯೆ ಸುಮಾರು ಒಂದೂವರೆಯಿಂದ ನಾಲ್ಕೂವರೆ ಪರ್ಸೆಂಟ್ ನಡುವೆ ಎಲ್ಲಾದರೂ ಇರಬಹುದು. 2000 ಜೀವಕೋಶ ಎಣಿಸಿದರೆ ಆ ಅಂತರ ಅರ್ಧಕ್ಕೆ ಇಳಿಯುತ್ತದೆ.

ಸ್ಲೈಡ್ ತರಿಸಿ, ಫೋಟೋ ತೆಗೆದು, ಪ್ರಿಂಟ್ ಮೇಲೆ ಪೆನ್ನಿಂದ ಗುರುತು ಹಾಕುತ್ತಾ ಎಣಿಸಿದ್ದಾಯಿತು. 612ರಲ್ಲಿ 11. ಅಂದರೆ 1.8%, ಜಿ1. ನ್ಯೂರೋಎಂಡೋಕ್ರೈನ್ ಗುರುತುಗಳಾದ ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್ ಪಾಸಿಟಿವ್. ಸಿಡಿಎಕ್ಸ್2 ಪಾಸಿಟಿವ್, ಕರುಳಿನ ಮೂಲಕ್ಕೆ ಹೊಂದುತ್ತದೆ. ವರದಿಯಲ್ಲಿ ಒಂದು ಸಾಲು ಸೇರಿಸಿದೆವು: ಇದು ಸಣ್ಣ ತುಣುಕು, ಪೂರ್ತಿ ಗೆಡ್ಡೆಯ ಗ್ರೇಡ್ ಇದಕ್ಕಿಂತ ಮೇಲೆ ಇರಬಹುದು.

ಆಪರೇಷನ್, ಮತ್ತೆ ಎಣಿಕೆ

ಹರಡಿದ ಮೇಲೂ ಮೂಲ ಗೆಡ್ಡೆ ತೆಗೆಯಬೇಕಾ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಮುಖ್ಯವಾಗಿ ತೊಂದರೆಯೇ ಇಲ್ಲದವರಲ್ಲಿ. ಇವರಲ್ಲಿ ಆ ಚರ್ಚೆಗೆ ಜಾಗವಿರಲಿಲ್ಲ. ಕರುಳು ಕಟ್ಟಿಕೊಂಡಿತ್ತು. ಹಾರ್ಮೋನು ತಡೆಯುವ ಆಕ್ಟ್ರಿಯೋಟೈಡ್ ಡ್ರಿಪ್ ಹಾಕಿಕೊಂಡೇ ಆಪರೇಷನ್ ಮಾಡಿದರು. ಗೆಡ್ಡೆ ಮುಟ್ಟಿದಾಗ ಒಮ್ಮೆಲೇ ಹಾರ್ಮೋನು ಸುರಿದು ಬಿಪಿ ಕುಸಿಯುವ ಭಯ ಇರುತ್ತದೆ. ಸರ್ಜನ್ ಇಡೀ ಸಣ್ಣ ಕರುಳನ್ನು ಬೆರಳಲ್ಲಿ ಒತ್ತುತ್ತಾ ಬಂದರು. ಸ್ಕ್ಯಾನ್ ಕರುಳಲ್ಲಿ ತೋರಿಸಿದ್ದು ಎರಡು ಗೆಡ್ಡೆ, ಬೆರಳಿಗೆ ಸಿಕ್ಕಿದ್ದು ಐದು. ಈ ಕಾಯಿಲೆಯಲ್ಲಿ ಮೂಲ ಗೆಡ್ಡೆ ಒಂದಕ್ಕಿಂತ ಹೆಚ್ಚಿರುವುದು ಬಹಳ ಸಾಮಾನ್ಯ. ಪರದೆ ನೋಡಿ ಆಪರೇಷನ್ ಮುಗಿಸಿದ್ದರೆ ಮೂರು ಒಳಗೇ ಉಳಿಯುತ್ತಿದ್ದವು. ಲಿವರ್‌ನ ದೊಡ್ಡ ಗಂಟನ್ನು ಕತ್ತರಿಸಿ ತೆಗೆದರು, ಎರಡನೆಯದನ್ನು ಸುಟ್ಟರು. ಆಳದಲ್ಲಿದ್ದ ಸಣ್ಣ ಚುಕ್ಕೆಯನ್ನು ಬಿಟ್ಟರು. ಪಿತ್ತಕೋಶವನ್ನೂ ತೆಗೆದರು. ಮುಂದೆ ವರ್ಷಗಟ್ಟಲೆ ಕೊಡುವ ಇಂಜೆಕ್ಷನ್‌ನಿಂದ ಅಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚು.

ಅಂತಿಮ ವರದಿ (ಟಿ ಎಂದರೆ ಮೂಲ ಗೆಡ್ಡೆ, ಎನ್ ದುಗ್ಧಗ್ರಂಥಿ, ಎಂ ದೂರಕ್ಕೆ ಹರಡಿದ್ದು): ದೊಡ್ಡ ಗೆಡ್ಡೆ 1.7 ಸೆಂ.ಮೀ, ಸ್ನಾಯು ಪದರ ದಾಟಿ, ಹೊರಪದರದ ಕೆಳಗಿನ ಸಬ್‌ಸೆರೋಸಾಗೆ ಇಳಿದಿದೆ, ಟಿ3. 17 ದುಗ್ಧಗ್ರಂಥಿಗಳಲ್ಲಿ 9ರಲ್ಲಿ ರೋಗ. ಸಂಖ್ಯೆ ಮಾತ್ರ ನೋಡಿದರೆ 12ಕ್ಕಿಂತ ಕಡಿಮೆ, ಎನ್1 ಆಗಬೇಕು. ಆದರೆ ಮೆಸೆಂಟರಿಯ ಗಂಟು 2 ಸೆಂ.ಮೀ ದಾಟಿದ್ದರಿಂದ ಸ್ಟೇಜ್ ಹೇಳುವ ಎಜೆಸಿಸಿ ಪದ್ಧತಿಯ 8ನೇ ಆವೃತ್ತಿಯಲ್ಲಿ ಅದು ಎನ್2. ಲಿವರ್‌ಗೆ ಮಾತ್ರ ಹರಡಿದ್ದರಿಂದ ಎಂ1ಎ. ಒಟ್ಟು ಸ್ಟೇಜ್ 4.

ಇನ್ನು ಗ್ರೇಡ್. ಕರುಳಿನ ಗೆಡ್ಡೆಯಲ್ಲಿ ಕೆಐ-67 1.2%, ಮೈಟೋಸಿಸ್ ಸೊನ್ನೆ. ಮೆಸೆಂಟರಿಯಲ್ಲಿ 1.9%. ಎರಡೂ ಜಿ1. ಆದರೆ ಲಿವರ್‌ನಿಂದ ತೆಗೆದ ಗಂಟಿನ ಒಂದು ಮೂಲೆಯಲ್ಲಿ ಕಂದು ಚುಕ್ಕೆಗಳು ದಟ್ಟವಾಗಿದ್ದವು. ಅಲ್ಲಿ 1043ರಲ್ಲಿ 74, ಅಂದರೆ 7.1%. ಮೈಟೋಸಿಸ್ 3. ಇದು ಜಿ2. ಸೂಜಿ ಹಾಕಿದ್ದೂ ಇದೇ ಗಂಟಿಗೆ. ಸೂಜಿ ಹೋದ ದಾರಿಯಲ್ಲಿ ಆ ಮೂಲೆ ಇರಲಿಲ್ಲ, ಅಷ್ಟೇ.

ವರದಿ ಕೈಗೆ ಸಿಕ್ಕ ದಿನ ರೋಗಿಯ ಮಗ ಸೀದಾ ಲ್ಯಾಬ್‌ಗೇ ಬಂದರು. "ಡಾಕ್ಟ್ರೇ, ಮೊದಲು 1.8 ಅಂದ್ರಿ, ಈಗ 7.1 ಅಂತಿದೀರಿ. ಎರಡು ತಿಂಗಳಲ್ಲಿ ಅಮ್ಮನ ಕಾಯಿಲೆ ನಾಲ್ಕು ಪಟ್ಟು ಆಯ್ತಾ?"

ಪ್ರಶ್ನೆ ನ್ಯಾಯವಾದದ್ದೇ. "ಕಾಯಿಲೆ ಜಾಸ್ತಿ ಆಗಿಲ್ಲ. ನಾವು ನೋಡಿದ ಜಾಗ ಜಾಸ್ತಿ ಆಯ್ತು. ಆ ಮೂಲೆ ಅವತ್ತೂ ಅಲ್ಲೇ ಇತ್ತು," ಎಂದೆ.

"ಹಾಗಾದ್ರೆ 7% ಕ್ಯಾನ್ಸರ್, 93% ಸರಿ ಇದೆ ಅಂತಾನಾ?"

ಅದೂ ಅಲ್ಲ. ಎಲ್ಲವೂ ಗೆಡ್ಡೆಯ ಜೀವಕೋಶಗಳೇ. ನೂರರಲ್ಲಿ ಏಳು ಆ ಹೊತ್ತಿಗೆ ಒಡೆಯುವ ಹಾದಿಯಲ್ಲಿದ್ದವು, ಉಳಿದವು ಸುಮ್ನೆ ಕೂತಿದ್ದವು. ಶೇಕಡಾ ಚಿಹ್ನೆ ಕಂಡರೆ ಜನ ಅದನ್ನು ರೋಗದ ಪ್ರಮಾಣ ಎಂದೋ, ಬದುಕುವ ಸಾಧ್ಯತೆ ಎಂದೋ ಓದಿಕೊಳ್ಳುತ್ತಾರೆ. ವರದಿಯ ಕೆಳಗೆ ಎರಡು ಸಾಲಿನ ವಿವರಣೆ ಹಾಕಿದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಹೀಗೆ ಬೇರೆ ಬೇರೆ ಸಂಖ್ಯೆ ಬಂದಾಗ ಸರಾಸರಿ ತೆಗೆಯಬಾರದು. ಪ್ರತಿ ಜಾಗದ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಚಿಕಿತ್ಸೆಯ ತೀರ್ಮಾನಕ್ಕೆ ಅತಿ ಮೇಲಿನದನ್ನು ಹಿಡಿಯಬೇಕು. ಮುಂದೆ ಬೆಳೆಯುವುದು ಆ ವೇಗದ ಗುಂಪೇ ತಾನೇ?

ಎಷ್ಟು ವರ್ಷ?

ರೋಗಿ ಕೇಳಿದ್ದು ಇದೊಂದೇ. ಗ್ರೇಡ್ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ.

ಕೈಯಲ್ಲಿರುವ ದೊಡ್ಡ ಅಂಕಿಅಂಶ ಅಮೆರಿಕದ ಸೀರ್ ಎಂಬ ಕ್ಯಾನ್ಸರ್ ನೋಂದಣಿಯದ್ದು. 1973ರಿಂದ 2012ರವರೆಗಿನ 64,971 ರೋಗಿಗಳ ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ದೇಹದ ಎಲ್ಲ ಭಾಗಗಳನ್ನೂ ಸೇರಿಸಿದರೆ ಮಧ್ಯಮ ಬದುಕಿನ ಅವಧಿ ಜಿ1ರಲ್ಲಿ 16.2 ವರ್ಷ, ಜಿ2ರಲ್ಲಿ 8.3 ವರ್ಷ, ಅದರ ಮೇಲಿನ ಗ್ರೇಡ್‌ಗಳಲ್ಲಿ 10 ತಿಂಗಳು. ದೂರಕ್ಕೆ ಹರಡಿದ ಜಿ1–ಜಿ2 ರೋಗಿಗಳಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದವರು ಸಣ್ಣ ಕರುಳಿನವರು. ಅವರ ಮಧ್ಯಮ ಅವಧಿ 103 ತಿಂಗಳು, ಅಂದರೆ ಎಂಟೂವರೆ ವರ್ಷ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು. ಇದರಲ್ಲಿರುವವರ ಬಹುಪಾಲು ಚಿಕಿತ್ಸೆ ಲುಟೇಶಿಯಂ ಎಂಬ ವಿಕಿರಣಶೀಲ ಔಷಧಿ ಬರುವುದಕ್ಕೆ ಮೊದಲಿನದು.

ಆ 10 ತಿಂಗಳ ಅಂಕಿಯನ್ನು ನೋಡಿ ಜಿ3 ಎಂದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. 2010ರ ಪದ್ಧತಿಯಲ್ಲಿ 20% ದಾಟಿದ್ದನ್ನೆಲ್ಲ ಕಾರ್ಸಿನೋಮಾ ಎಂದೇ ಕರೆಯುತ್ತಿದ್ದರು. ಈಗ ಎರಡನ್ನೂ ಬೇರೆ ಮಾಡಿದ್ದಾರೆ. ರಚನೆ ಚೆನ್ನಾಗಿ ಉಳಿಸಿಕೊಂಡಿರುವ ಜಿ3 ಗೆಡ್ಡೆ ಒಂದು ಕಡೆ. ರಚನೆಯೇ ಕೆಟ್ಟು, ಸಾಮಾನ್ಯವಾಗಿ ಟಿಪಿ53, ಆರ್‌ಬಿ1 ಜೀನ್‌ಗಳು ಹಾಳಾಗಿರುವ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಇನ್ನೊಂದು ಕಡೆ. ಎರಡನೆಯದಕ್ಕೆ ಪ್ಲಾಟಿನಂ ಕೀಮೋ ಬೇಕು. ಮೊದಲನೆಯದು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸಣ್ಣ ಕರುಳಿನಲ್ಲಿ ಎರಡೂ ಅಪರೂಪ.

ಜಿ2 ಎಂಬ ಹಣೆಪಟ್ಟಿಯೂ ಬಹಳ ಅಗಲ. 3.2% ಇರುವವರೂ 19% ಇರುವವರೂ ಅದರೊಳಗೇ ಬರುತ್ತಾರೆ. ಇಬ್ಬರ ಹಾದಿ ಒಂದೇ ಆಗಿರುತ್ತದೆ ಎಂದು ಯಾರೂ ನಂಬಬಾರದು. ಅದಕ್ಕೇ ವರದಿಯಲ್ಲಿ ಅಕ್ಷರಕ್ಕಿಂತ ಸಂಖ್ಯೆ ಮುಖ್ಯ.

ಇವರ ವಿಷಯದಲ್ಲಿ ಗ್ರೇಡ್‌ನಾಚೆಗೂ ನೋಡುವುದಿತ್ತು. ಲಿವರ್‌ನಲ್ಲಿ ರೋಗದ ಹೊರೆ ಕಡಿಮೆ, ಒಳ್ಳೆಯದು. ಹೃದಯದ ಕವಾಟ ಸರಿಯಿದೆ, ಬಹಳ ಒಳ್ಳೆಯದು. ಸೆರೊಟೋನಿನ್ ವರ್ಷಗಟ್ಟಲೆ ಸುರಿದರೆ ಟ್ರೈಕಸ್ಪಿಡ್ ಕವಾಟ ಗಟ್ಟಿಯಾಗಿ ಮುಚ್ಚದೇ ಹೋಗುತ್ತದೆ. ಗೆಡ್ಡೆ ಜಿ1 ಆಗಿದ್ದೂ ಹೃದಯ ಸೋತು ಸಾಯುವವರಿದ್ದಾರೆ. ಮೆಸೆಂಟರಿಯ ಗಂಟು ರಕ್ತನಾಳವನ್ನು ಪೂರ್ತಿ ಸುತ್ತಿಕೊಳ್ಳುವ ಮೊದಲೇ ತೆಗೆಯಲು ಆಯಿತು. ಇಲ್ಲವಾದರೆ ಕರುಳಿಗೆ ರಕ್ತ ನಿಂತು ಬೇರೆಯೇ ಸಂಕಟ. ಈ ಎರಡು ಅಪಾಯಗಳನ್ನು ಯಾವ ಕೆಐ-67 ಸಂಖ್ಯೆಯೂ ಹೇಳುವುದಿಲ್ಲ. ಪೆಥಾಲಜಿಯವನಾಗಿಯೇ ಇದನ್ನು ಹೇಳುತ್ತಿದ್ದೇನೆ.

"ತಿಂಗಳ ಲೆಕ್ಕ ಅಲ್ಲಮ್ಮ, ವರ್ಷಗಳ ಲೆಕ್ಕ. ಪೂರ್ತಿ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಎಷ್ಟು ಬೇಗ ಬೆಳೆಯುತ್ತೆ ಅನ್ನೋದು ಮುಂದಿನ ಎರಡು ಮೂರು ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತೆ," ಎಂದು ಆಂಕಾಲಜಿಸ್ಟ್ ಹೇಳಿದರು. ಇದಕ್ಕಿಂತ ಖಚಿತವಾಗಿ ಆ ದಿನ ಹೇಳಲು ಆಗುತ್ತಿರಲಿಲ್ಲ.

ಇಂಜೆಕ್ಷನ್ ಮತ್ತು ನಿಲ್ಲದ ಭೇದಿ

ನಾಲ್ಕು ವಾರಕ್ಕೊಮ್ಮೆ 30 ಮಿ.ಗ್ರಾಂ ಆಕ್ಟ್ರಿಯೋಟೈಡ್ ಎಲ್‌ಎಆರ್, ಅಂದರೆ ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್, ಶುರುವಾಯಿತು. ಇದು ಹಾರ್ಮೋನು ತಡೆಯುತ್ತದೆ, ಬೆಳವಣಿಗೆಯನ್ನೂ ನಿಧಾನ ಮಾಡುತ್ತದೆ. 2009ರ ಪ್ರೊಮಿಡ್ ಅಧ್ಯಯನದಲ್ಲಿ ರೋಗ ಮುಂದುವರಿಯಲು ಹಿಡಿದ ಮಧ್ಯಮ ಕಾಲ ಔಷಧಿಯವರಲ್ಲಿ 14.3 ತಿಂಗಳು, ಪ್ಲಾಸಿಬೋದವರಲ್ಲಿ 6 ತಿಂಗಳು. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ 2%ವರೆಗಿನ ಕೆಐ-67 ಇದ್ದವರು. 2014ರ ಕ್ಲಾರಿನೆಟ್ ಅಧ್ಯಯನ ಅದೇ ಜಾತಿಯ ಲ್ಯಾನ್ರಿಯೋಟೈಡ್ ಅನ್ನು 10%ಗಿಂತ ಕೆಳಗಿನವರಲ್ಲಿ ಪರೀಕ್ಷಿಸಿತು. ಅಲ್ಲೂ ಬೆಳವಣಿಗೆ ತಡೆಯಿತು. 7.1% ಆ ಮಿತಿಯೊಳಗೆ ಬರುತ್ತದೆ.

ಮುಖ ಕೆಂಪೇರುವುದು ನಿಂತಿತು, ಭೇದಿ ನಿಲ್ಲಲಿಲ್ಲ. ಮನೆಯವರು ರೋಗ ಮತ್ತೆ ಬಂತು ಎಂದು ಹೆದರಿದರು. 5-ಎಚ್‌ಐಎಎ ನೋಡಿದರೆ ಇಳಿದಿದೆ. ಹಾಗಾದರೆ ಕಾರಣ ಬೇರೆ. ಇಲಿಯಮ್‌ನ ತುದಿ ತೆಗೆದ ಮೇಲೆ ಪಿತ್ತದ ಆಮ್ಲ ವಾಪಸ್ ಹೀರಿಕೊಳ್ಳುವ ಜಾಗವೇ ಇಲ್ಲ. ಅದು ದೊಡ್ಡ ಕರುಳಿಗೆ ಇಳಿದು ಭೇದಿ ಮಾಡಿಸುತ್ತದೆ. ಕೊಲೆಸ್ಟೈರಮಿನ್ ಕೊಟ್ಟಾಗ ಕಡಿಮೆಯಾಯಿತು. ಇಂಜೆಕ್ಷನ್‌ನಿಂದ ಪ್ಯಾಂಕ್ರಿಯಾಸ್ ರಸ ತಗ್ಗಿ ಜಿಡ್ಡು ಮಲ ಹೋಗುವುದೂ ಉಂಟು. ಅದಕ್ಕೆ ಕಿಣ್ವದ ಮಾತ್ರೆ. ಅದೇ ಇಲಿಯಮ್ ಹೋದ ಕಾರಣ ಬಿ12 ಇಂಜೆಕ್ಷನ್ ಕೂಡ. ಪ್ರತಿ ಭೇದಿಯನ್ನೂ ಗೆಡ್ಡೆಯ ಲೆಕ್ಕಕ್ಕೆ ಹಾಕಿ ಡೋಸ್ ಏರಿಸುತ್ತಾ ಹೋಗುವುದನ್ನು ಬಹಳ ಕಡೆ ನೋಡಿದ್ದೇನೆ.

26ನೇ ತಿಂಗಳು

ಬಿಟ್ಟಿದ್ದ ಚುಕ್ಕೆ 9 ಮಿ.ಮೀನಿಂದ 15 ಮಿ.ಮೀಗೆ ಬೆಳೆದಿತ್ತು. ಪಕ್ಕದಲ್ಲಿ ಎರಡು ಹೊಸವು. ಮತ್ತೆ ಪೆಟ್. ಡೋಟಾಟೇಟ್‌ನಲ್ಲಿ ಮೂರೂ ಚೆನ್ನಾಗಿ ಬೆಳಗಿದವು. ಈ ಸಲ ಸಕ್ಕರೆಯ ಪೆಟ್, ಎಫ್‌ಡಿಜಿ ಕೂಡ ಮಾಡಿಸಿದರು. ಹಳೆಯ ಚುಕ್ಕೆ ಮಾತ್ರ ಅದರಲ್ಲೂ ಬೆಳಗಿತು.

ನಿಧಾನದ ಗೆಡ್ಡೆ ಸಕ್ಕರೆಗೆ ಅಷ್ಟು ಆಸೆ ಪಡುವುದಿಲ್ಲ. ಎಫ್‌ಡಿಜಿ ಹಿಡಿದರೆ ವೇಗ ಹೆಚ್ಚಿರುವ ಸುಳಿವು. ಈ ಕಾಯಿಲೆಯಲ್ಲಿ ಕಾಲ ಹೋದಂತೆ ಗ್ರೇಡ್ ಏರುವುದುಂಟು, ಹಳೆಯ ವರದಿ ನಂಬಿಕೊಂಡು ಕೂರಬಾರದು. ಸೂಜಿಯನ್ನು ಅದೇ ಚುಕ್ಕೆಗೆ, ಎಫ್‌ಡಿಜಿ ತೋರಿಸಿದ ಜಾಗಕ್ಕೇ ಹಾಕಿದರು. ಕೆಐ-67 12%. ರಚನೆ ಇನ್ನೂ ಚೆನ್ನಾಗಿದೆ. ಡೋಟಾಟೇಟ್ ಅಂಟುವ ರಿಸೆಪ್ಟರ್ ಎಸ್‌ಎಸ್‌ಟಿಆರ್2 ಪಾಸಿಟಿವ್. ಕಾಗದದಲ್ಲಿ ಇದು ಇನ್ನೂ ಜಿ2. ಆದರೆ 7ರ ಜಿ2 ಬೇರೆ, ಬೆಳೆಯುತ್ತಿರುವ 12ರ ಜಿ2 ಬೇರೆ. ಇಂಜೆಕ್ಷನ್ ಡೋಸ್ ಏರಿಸಿ ಇನ್ನಾರು ತಿಂಗಳು ನೋಡೋಣ ಎಂದು ಎಲ್ಲ ವಿಭಾಗದ ತಜ್ಞರು ಸೇರುವ ಟ್ಯೂಮರ್ ಬೋರ್ಡ್‌ನಲ್ಲಿ ಒಬ್ಬರು ಹೇಳಿದರು. ಉಳಿದವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಕಾರಣ 2017ರ ನೆಟ್ಟರ್-1 ಅಧ್ಯಯನ. ಇವರ ಹಾಗೆಯೇ ಆಕ್ಟ್ರಿಯೋಟೈಡ್ ಮೇಲಿದ್ದೂ ರೋಗ ಬೆಳೆದ, ಕರುಳಿನ ಮಧ್ಯಭಾಗದ ಗೆಡ್ಡೆಯ 229 ರೋಗಿಗಳು. ಒಂದು ಗುಂಪಿಗೆ ಲುಟೇಶಿಯಂ-177 ಡೋಟಾಟೇಟ್, ಇನ್ನೊಂದಕ್ಕೆ ಆಕ್ಟ್ರಿಯೋಟೈಡ್ ಡೋಸ್ ದ್ವಿಗುಣ. 20 ತಿಂಗಳಿಗೆ ರೋಗ ಬೆಳೆಯದೆ ಉಳಿದವರು ಮೊದಲ ಗುಂಪಿನಲ್ಲಿ 65.2%, ಎರಡನೆಯದರಲ್ಲಿ 10.8%. ಒಟ್ಟು ಬದುಕಿನ ಅಂತಿಮ ಲೆಕ್ಕ 48 ಮತ್ತು 36.3 ತಿಂಗಳು. ಅಂತರ ಕಣ್ಣಿಗೆ ಕಂಡರೂ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಎರಡನೇ ಗುಂಪಿನ ಹಲವರು ಆಮೇಲೆ ಇದೇ ಚಿಕಿತ್ಸೆ ತೆಗೆದುಕೊಂಡಿದ್ದೂ ಅದಕ್ಕೊಂದು ಕಾರಣ. ಡೋಸ್ ಏರಿಸಿ ಕಾಯುವುದು ಯಾಕೆ ಬೇಡ ಎನ್ನುವುದಕ್ಕೆ ಆ 10.8% ಸಾಕು.

ಇವರಿಗೂ ಲುಟೇಶಿಯಂ ಕೊಟ್ಟರು: ಎಂಟು ವಾರಕ್ಕೊಂದರಂತೆ ನಾಲ್ಕು ಸಲ, ಪ್ರತಿ ಸಲ 7.4 ಗಿಗಾಬೆಕರೆಲ್ (ವಿಕಿರಣದ ಅಳತೆ). ಕಿಡ್ನಿ ಉಳಿಸಲು ಜೊತೆಯಲ್ಲಿ ಅಮೈನೋ ಆಮ್ಲದ ಡ್ರಿಪ್. ವಾಂತಿ ಬಂದದ್ದು ಬಹುಪಾಲು ಆ ಡ್ರಿಪ್‌ನಿಂದ. ಪ್ಲೇಟ್‌ಲೆಟ್ ಸ್ವಲ್ಪ ಇಳಿದು ಮತ್ತೆ ಏರಿತು. ಅಸ್ಥಿಮಜ್ಜೆಗೆ ಮುಂದೆಂದಾದರೂ ತೊಂದರೆಯಾಗುವ ಸಣ್ಣ ಅಪಾಯ ಇದೆ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು.

ಕೊನೆಯ ಸ್ಕ್ಯಾನ್‌ನಲ್ಲಿ 15 ಮಿ.ಮೀ ಗಂಟು 11ಕ್ಕೆ ಇಳಿದಿದೆ, ಹೊಸವು ಎರಡೂ ನಿಂತಲ್ಲೇ ನಿಂತಿವೆ. ಹಾರ್ಮೋನು ತಡೆಯಲು ಆಕ್ಟ್ರಿಯೋಟೈಡ್ ಮುಂದುವರಿದಿದೆ. ಎಕೋ ವರ್ಷಕ್ಕೊಮ್ಮೆ, ಈವರೆಗೆ ಕವಾಟ ಕೆಟ್ಟಿಲ್ಲ. ಮತ್ತೆ ಬೆಳೆದರೆ ಎವೆರೊಲಿಮಸ್, ಕ್ಯಾಬೊಜಾಂಟಿನಿಬ್ ಎಂಬ ಮಾತ್ರೆಗಳು, ಲಿವರ್‌ನ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಇವೆ. ಈಗಿನ ಹಿಡಿತ ಸಾಕಷ್ಟು ಕಾಲ ಉಳಿದರೆ ಲುಟೇಶಿಯಂ ಅನ್ನೇ ಇನ್ನೊಮ್ಮೆ ಕೊಡುವುದೂ ಆಗುತ್ತದೆ. ಯಾವುದನ್ನು ಆರಿಸಿದರೂ ಅದಕ್ಕೂ ಮೊದಲು ಹೊಸ ಬಯಾಪ್ಸಿ, ಹೊಸ ಎಣಿಕೆ ಆಗಬೇಕು ಎಂದು ಕಡತದಲ್ಲಿ ಬರೆದಿಟ್ಟಿದ್ದೇವೆ.